ಗೆಜ್ಜೆ ಬಿಚ್ಚದೆ ದ್ವಿತೀಯ ಪಿಯುಸಿ ದಾಟುವುದು ಹೇಗೆ

ಪ್ರತಿ ವರ್ಷ ಜೂನ್ ಮೂರನೆಯ ವಾರಕ್ಕೆ ಸರಿಯಾಗಿ ಯಾರಾದರೊಬ್ಬರ ತಂದೆ ನಮ್ಮ ಪ್ರಯೋಗಾಲಯದ ಬಾಗಿಲಲ್ಲಿ ಕೊಡೆಯ ನೀರು ಸೋರಿಸುತ್ತಾ ನಿಂತಿರುತ್ತಾರೆ. ಪಕ್ಕದಲ್ಲಿ ತಲೆ ತಗ್ಗಿಸಿದ ಮಗನೋ ಮಗಳೋ ಇರುತ್ತದೆ. "ಮೇಡಂ, ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ಬಂದಿದೆ, ವಿಜ್ಞಾನದಲ್ಲಿ ಪಿಸಿಎಂಬಿ ತೆಗೆದುಕೊಂಡಿದ್ದಾಳೆ. ಈ ಯಕ್ಷಗಾನ ಒಂದನ್ನು ಮಾತ್ರ ಬಿಡುವುದಿಲ್ಲ ಎನ್ನುತ್ತಾಳೆ. ನೀವೇ ಸ್ವಲ್ಪ ಬುದ್ಧಿ ಹೇಳಿ." ಬುದ್ಧಿ ಹೇಳಿಸಲು ತಾವು ಆರಿಸಿಕೊಂಡ ಜನ ಸರಿಯಿಲ್ಲ ಎಂಬುದು ಪಾಪ ಅವರಿಗೆ ಗೊತ್ತಿರುವುದಿಲ್ಲ. ನಾನು ವಾರದಲ್ಲಿ ಆರು ದಿನ ಭೌತಶಾಸ್ತ್ರ ಪಾಠ ಮಾಡುತ್ತೇನೆ, ಏಳನೆಯ ದಿನ ಊರಿನ ಹವ್ಯಾಸಿ ತಂಡದ ಹುಡುಗರಿಗೆ ಹೆಜ್ಜೆ ಹೇಳಿಕೊಡುತ್ತೇನೆ. ಮೊಣಕಾಲು ಒಪ್ಪಿದ ದಿನ ಈಗಲೂ ಪುಂಡುವೇಷ, ಅಂದರೆ ಚುರುಕು ಕುಣಿತದ ತರುಣ ವೀರರ ಪಾತ್ರ, ಮಾಡುತ್ತೇನೆ.

ಹಾಗೆಂದು ಆ ತಂದೆಯ ಭಯ ಸುಳ್ಳೆಂದು ನಾನು ಎಂದೂ ಹೇಳುವುದಿಲ್ಲ. ನನ್ನ ದ್ವಿತೀಯ ಪಿಯುಸಿಯ ಜನವರಿಯಲ್ಲಿ, ರಸಾಯನಶಾಸ್ತ್ರದ ಪೂರ್ವಸಿದ್ಧತಾ ಪರೀಕ್ಷೆಯ ಹಿಂದಿನ ರಾತ್ರಿ, ನಾನು ಬಭ್ರುವಾಹನನ ವೇಷ ಮಾಡಿದ್ದೆ. ಮಾಡಬೇಕಿದ್ದವನಿಗೆ ಜ್ವರ ಬಂದಿತ್ತು. ಸಂಘಟಕರು ಮನೆಗೇ ಬಂದು ಕೇಳಿದರು, ಹೂಂ ಎಂದೆ. ಬಣ್ಣ ತೆಗೆದು ಮನೆ ಸೇರುವಾಗ ಕೋಳಿ ಕೂಗುತ್ತಿತ್ತು. ಪರೀಕ್ಷೆಯಲ್ಲಿ ಮೂವತ್ತೊಂದು ಅಂಕ ಬಂತು. ಪಾಸಾಗಲು ಆಗ ಮೂವತ್ತೈದು ಬೇಕಿತ್ತು. ಕಿವಿಯ ಹಿಂದೆ ಉಳಿದುಕೊಂಡಿದ್ದ ಕೆಂಪು ಬಣ್ಣವನ್ನು ಇಡೀ ತರಗತಿ ನೋಡಿ ನಕ್ಕಿತು. ನನ್ನನ್ನು ಹೆಚ್ಚು ಕೊರೆದದ್ದು ಬೇರೆ ವಿಷಯ: ಆ ರಾತ್ರಿಯ ವೇಷವೂ ಚೆನ್ನಾಗಿರಲಿಲ್ಲ. ಯುದ್ಧದ ಕುಣಿತದಲ್ಲಿ ಎರಡು ಕಡೆ ತಾಳದ ಮುಕ್ತಾಯ ತಪ್ಪಿಸಿದೆ. ಹಾಡುವ ಭಾಗವತರು ಏನೂ ಹೇಳಲಿಲ್ಲ, ಜಾಗಟೆಯನ್ನು ಸ್ವಲ್ಪ ಜೋರಾಗಿ ಬಾರಿಸಿದರು, ಅಷ್ಟೇ.

ಆ ಮೂವತ್ತೊಂದು ಅಂಕದಿಂದಲೂ, ಆಮೇಲೆ ಇಷ್ಟು ವರ್ಷ ಮಕ್ಕಳನ್ನು ನೋಡಿದ್ದರಿಂದಲೂ ನಾನು ಕಂಡುಕೊಂಡ ಸೂತ್ರ ಒಂದೇ. ಕಡಿಮೆ ಮಾಡಬೇಕಾದದ್ದು ಆಟವನ್ನು, ಅಂದರೆ ರಂಗಸ್ಥಳದ ಪ್ರದರ್ಶನವನ್ನು, ಅಭ್ಯಾಸವನ್ನಲ್ಲ. ನಮ್ಮ ಕರಾವಳಿಯ ಮನೆಗಳಲ್ಲಿ ನಡೆಯುವುದು ಇದಕ್ಕೆ ಸರಿಯಾಗಿ ತಿರುಗುಮುರುಗು. ಶನಿವಾರದ ತರಗತಿಯನ್ನು ಯಾರೂ ನೋಡುವುದಿಲ್ಲ, ಆದ್ದರಿಂದ ಅದನ್ನು ಮೊದಲು ನಿಲ್ಲಿಸುತ್ತಾರೆ. ರಂಗಸ್ಥಳದ ವೇಷವನ್ನು ನೆಂಟರಿಷ್ಟರೆಲ್ಲ ನೋಡುತ್ತಾರೆ, ಆದ್ದರಿಂದ ಅದು ಮುಂದುವರಿಯುತ್ತದೆ. ಫಲವೇನೆಂದರೆ, ತಯಾರಿಯಿಲ್ಲದ ವೇಷ, ನಿದ್ದೆಯಿಲ್ಲದ ರಾತ್ರಿ, ಮರುದಿನ ಖಾಲಿ ಉತ್ತರಪತ್ರಿಕೆ.

ಮೊದಲು ವರ್ಷವನ್ನು ಗೋಡೆಯ ಮೇಲೆ ಹಾಕಿ

ದಿನಚರಿಯ ಪಟ್ಟಿ ಬರೆದುಕೊಂಡು ಬರುವ ಮಕ್ಕಳನ್ನು ನಾನು ವಾಪಸು ಕಳಿಸುತ್ತೇನೆ. ಬೆಳಗ್ಗೆ ಐದಕ್ಕೆ ಏಳುವುದು, ಐದೂವರೆಗೆ ಗಣಿತ, ಹೀಗೆ ಬಣ್ಣಬಣ್ಣದ ಶಾಯಿಯಲ್ಲಿ ಬರೆದಿರುತ್ತಾರೆ. ಒಂಬತ್ತು ದಿನ ನಡೆದರೆ ಹೆಚ್ಚು. ಮೊದಲು ಬೇಕಾದದ್ದು ವರ್ಷದ ಲೆಕ್ಕ. ಒಂದು ದೊಡ್ಡ ಕ್ಯಾಲೆಂಡರ್ ತೆಗೆದುಕೊಳ್ಳಿ, ಸೊಸೈಟಿಯವರು ಉಚಿತವಾಗಿ ಕೊಡುವುದೇ ಆದೀತು. ಕಾಲೇಜಿನ ದಿನಗಳನ್ನು ನೀಲಿಯಲ್ಲಿ, ಯಕ್ಷಗಾನದ ದಿನಗಳನ್ನು ಕೆಂಪಿನಲ್ಲಿ ಗುರುತು ಮಾಡಿ. ಆಗ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ.

ಮೇಳಗಳ ತಿರುಗಾಟ ಶುರುವಾಗುವುದು ದೀಪಾವಳಿ ಕಳೆದ ಮೇಲೆ, ನವೆಂಬರಿನ ಹೊತ್ತಿಗೆ. ಮುಗಿಯುವುದು ಪತ್ತನಾಜೆಗೆ, ಅಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನ, ಮೇ 24ರ ಆಸುಪಾಸಿನಲ್ಲಿ. ಹವ್ಯಾಸಿ ತಂಡಗಳ ಆಟಗಳೂ ಹೆಚ್ಚಾಗಿ ಊರಿನ ಜಾತ್ರೆ, ವಾರ್ಷಿಕೋತ್ಸವಗಳ ಜೊತೆ ಇದೇ ಅವಧಿಗೆ ಬಂದು ಬೀಳುತ್ತವೆ. ಈಗ ನೀಲಿ ಗುರುತುಗಳನ್ನು ನೋಡಿ. ಜನವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ, ಅದರ ಬೆನ್ನಿಗೆ ಪ್ರಾಯೋಗಿಕ ಪರೀಕ್ಷೆ, ಮಾರ್ಚ್ ಆರಂಭದ ಹೊತ್ತಿಗೆ ವಾರ್ಷಿಕ ಪರೀಕ್ಷೆ, ಏಪ್ರಿಲ್ ನಡುವಿಗೆ ಸಿಇಟಿ, ಮೇ ಮೊದಲ ಭಾನುವಾರದ ಹೊತ್ತಿಗೆ ನೀಟ್. ಜೆಇಇ ಬರೆಯುವವರಿಗೆ ಜನವರಿ ಮತ್ತು ಏಪ್ರಿಲ್‌ನಲ್ಲಿ ಇನ್ನೆರಡು ಗುರುತು. ಆಟದ ಕಾಲವೂ ಪರೀಕ್ಷೆಯ ಕಾಲವೂ ಒಂದರ ಮೇಲೊಂದು ಕುಳಿತಿವೆ. ನಿಮ್ಮ ಮಗಳು ಸೋಮಾರಿಯಾಗಿರುವುದರಿಂದ ಜನವರಿಯಲ್ಲಿ ಕಷ್ಟ ಬರುವುದಲ್ಲ, ಪಂಚಾಂಗವೇ ಹಾಗಿದೆ.

ಅದೇ ಕ್ಯಾಲೆಂಡರಿನ ಇನ್ನೊಂದು ಅರ್ಧ ನೋಡಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮೇಳಗಳು ವಿಶ್ರಾಂತಿಯಲ್ಲಿರುತ್ತವೆ, ಹೊರಗೆ ಮಳೆ, ಗುರುಗಳಿಗೂ ಬಿಡುವು. ಹೊಸ ಹೆಜ್ಜೆ ಕಲಿಯಲು, ಒಂದು ಪ್ರಸಂಗದ ಪದ್ಯಗಳನ್ನು ಬಾಯಿಪಾಠ ಮಾಡಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಕಾಲೇಜಿನಲ್ಲೂ ಆಗ ಪಾಠ ಆರಂಭದ ಘಟ್ಟದಲ್ಲಿರುತ್ತದೆ. ಹಾಗಾಗಿ ನನ್ನ ಮಕ್ಕಳಿಗೆ ನಾನು ಹಾಕಿಕೊಡುವ ಗೆರೆ ಇದು: ಮಳೆಗಾಲದಲ್ಲಿ ಕಲಿಯುವುದು, ದಸರಾ ರಜೆಯಿಂದ ಡಿಸೆಂಬರ್ ನಡುವಿನವರೆಗೆ ಕುಣಿಯುವುದು, ಅಲ್ಲಿಂದ ನೀಟ್ ಅಥವಾ ಸಿಇಟಿ ಮುಗಿಯುವವರೆಗೆ ರಂಗಸ್ಥಳಕ್ಕೆ ಹತ್ತದಿರುವುದು. ಪ್ರಥಮ ಪಿಯುಸಿಯಲ್ಲಿ ಈ ಗೆರೆಯನ್ನು ಜನವರಿಯವರೆಗೆ ಎಳೆಯಬಹುದು, ವರ್ಷಕ್ಕೆ ಆರು ಆಟ. ದ್ವಿತೀಯದಲ್ಲಿ ಮೂರೇ ಆಟ, ಮೂರೂ ಶನಿವಾರ.

ಶನಿವಾರ ಏಕೆಂದು ಕೇಳುವವರಿಗೆ ಒಂದು ಆಟದ ನಿಜವಾದ ಬೆಲೆಯನ್ನು ಲೆಕ್ಕ ಹಾಕಿ ತೋರಿಸುತ್ತೇನೆ. "ಮೂರೇ ಗಂಟೆ ಮೇಡಂ, ಕಾಲಮಿತಿ" ಎನ್ನುತ್ತಾರೆ ಮಕ್ಕಳು. ಮೊದಲಿನ ಹಾಗೆ ಬೆಳಗಿನವರೆಗಿನ ಆಟ ಈಗ ಕಡಿಮೆಯಾಗಿದೆ, ನಿಜ. ಆದರೂ ಸಂಜೆ ಐದಕ್ಕೆ ಮನೆ ಬಿಡಬೇಕು. ಆರಕ್ಕೆ ಚೌಕಿ, ಅಂದರೆ ಬಣ್ಣದ ಕೋಣೆ. ಮುಖದ ಬಣ್ಣ, ಕಟ್ಟು, ಕಿರೀಟ ಎಲ್ಲ ಸೇರಿ ಎರಡು ಗಂಟೆ. ಎಂಟರಿಂದ ಹನ್ನೊಂದು ಆಟ. ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಿ, ಸಾಮಾನು ಪೆಟ್ಟಿಗೆಗೆ ಸೇರಿಸಿ, ಊಟ ಮಾಡಿ ಮನೆ ತಲುಪುವಾಗ ಒಂದು. ಕಿವಿಯಲ್ಲಿ ಚೆಂಡೆ ನಿಲ್ಲಲು ಇನ್ನೊಂದು ಗಂಟೆ ಬೇಕು. ಅಲ್ಲಿಗೆ ಒಂಬತ್ತು ಗಂಟೆಯಾಯಿತು. ಅದಕ್ಕೆ ಮೊದಲು ಮೂರು ಮೂರು ಗಂಟೆಯ ಎರಡು ಟ್ರಯಲ್. ಮರುದಿನದ ಬೆಳಗು ಹೇಗೂ ಹೋಯಿತು, ನಾಲ್ಕು ಗಂಟೆ ಹಿಡಿಯಿರಿ. ಒಟ್ಟು ಹತ್ತೊಂಬತ್ತು. ಮೂರು ಗಂಟೆ ಎಂದುಕೊಂಡು ಹೋದವರು ಹತ್ತೊಂಬತ್ತು ಗಂಟೆ ತೆತ್ತು ಬರುತ್ತಾರೆ. ಶನಿವಾರವಾದರೆ ಭಾನುವಾರ ನಿದ್ದೆ ಮಾಡಿ ಅದನ್ನು ತುಂಬಿಸಿಕೊಳ್ಳಬಹುದು, ಭಾನುವಾರದ ಆಟವಾದರೆ ಸೋಮವಾರದ ನನ್ನ ತರಗತಿಯಲ್ಲಿ ತುಂಬಿಸಿಕೊಳ್ಳುತ್ತಾರೆ. ಎರಡನೆಯ ಬೆಂಚಿನಲ್ಲಿ ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ಕಲೆಯನ್ನು ನಾನೂ ಒಂದು ಕಾಲದಲ್ಲಿ ಕಲಿತವಳೇ, ಆದ್ದರಿಂದ ನನ್ನಿಂದ ಅದನ್ನು ಮುಚ್ಚಿಡಲು ಆಗುವುದಿಲ್ಲ.

ಈಗ ವಾರ

ವಾರಕ್ಕೆ 168 ಗಂಟೆ. ದಿನಕ್ಕೆ ಏಳರಂತೆ ನಿದ್ದೆ 49. ಒಂಬತ್ತರಿಂದ ನಾಲ್ಕೂವರೆಯಂತೆ ಆರು ದಿನ ಕಾಲೇಜು 45. ಶನಿವಾರ ಅರ್ಧ ದಿನವಾದರೆ ನಿಮ್ಮ ಅದೃಷ್ಟ. ಬಸ್ಸಿನಲ್ಲಿ ದಿನಕ್ಕೆ ಒಂದೂವರೆ ಗಂಟೆಯಂತೆ 9. ಊಟ, ಸ್ನಾನ, ಮನೆಗೆಲಸಕ್ಕೆ ದಿನಕ್ಕೆ ಮೂರರಂತೆ 21. ಕೂಡಿಸಿದರೆ 124, ಉಳಿಯುವುದು 44. ಟ್ಯೂಷನ್‌ಗೆ ಎಂಟು ಗಂಟೆ ಹೋದರೆ 36. ಸ್ವಂತ ಓದಿಗೆ 24 ತೆಗೆದಿಡಿ, ಅಂದರೆ ದಿನಕ್ಕೆ ಮೂರೂವರೆಗೆ ಸ್ವಲ್ಪ ಕಡಿಮೆ. ಶನಿವಾರ ಸಂಜೆ ಎರಡು, ಭಾನುವಾರ ಬೆಳಗ್ಗೆ ಎರಡು, ಉಳಿದ ದಿನಗಳಲ್ಲಿ ಹತ್ತು ಹತ್ತು ನಿಮಿಷದಂತೆ ಸುಮಾರು ಒಂದು, ಹೀಗೆ ಐದು ಗಂಟೆ ಯಕ್ಷಗಾನಕ್ಕೆ. ಇನ್ನೂ ಏಳು ಗಂಟೆ ಉಳಿದಿದೆ.

ಆ ಏಳು ಗಂಟೆಯನ್ನು ಯಾರಿಗೂ ಕೊಡಬೇಡಿ. ಜ್ವರ ಬರುತ್ತದೆ, ಕರೆಂಟು ಹೋಗುತ್ತದೆ, ಚಿಕ್ಕಮ್ಮನ ಮಗನ ಮದುವೆ ಬರುತ್ತದೆ, ಆಗ ಅದೇ ಕೈಗೆ ಬರುವುದು. ಏನೂ ಬಾರದ ವಾರ ಸುಮ್ಮನೆ ಜಗಲಿಯಲ್ಲಿ ಕುಳಿತು ಮಳೆ ನೋಡಿ.

ಬಸ್ಸಿನ ಒಂಬತ್ತು ಗಂಟೆಯ ಮೇಲೆ ಎಲ್ಲ ಉಪದೇಶಕರಿಗೂ ಕಣ್ಣು. ಬಸ್ಸಿನಲ್ಲಿ ಓದಿ ಎನ್ನುತ್ತಾರೆ. ಘಟ್ಟದ ತಿರುವಿನಲ್ಲಿ, ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಬ್ಬರ ಮೀನಿನ ಚೀಲದ ಪಕ್ಕ ನಿಂತು ಓದಿದವರಾರೂ ಈ ಮಾತು ಹೇಳಿರಲಾರರು. ಸೀಟು ಸಿಕ್ಕರೆ ನಿದ್ದೆ ಮಾಡಿ, ತಪ್ಪೇನಿಲ್ಲ. ನಿಂತೇ ಇರಬೇಕಾದರೆ ಬಾಯಲ್ಲಿ ಹೇಳಿಕೊಳ್ಳುವಂಥದ್ದನ್ನು ಇಟ್ಟುಕೊಳ್ಳಿ: ಪದ್ಯದ ಒಂದು ಚರಣ, ರಸಾಯನಶಾಸ್ತ್ರದ ಆಲ್ಡಾಲ್ ಕಂಡೆನ್ಸೇಶನ್‌ಗೂ ಕ್ಯಾನಿಝಾರೊ ಕ್ರಿಯೆಗೂ ಇರುವ ವ್ಯತ್ಯಾಸ, ಅಂಥದ್ದು.

ಇದರ ಜೊತೆಗೆ ಇನ್ನೊಂದು ಮಾತು: ಚೌಕಿಗೆ ಪುಸ್ತಕ ತರಬೇಡಿ. ಕಿರೀಟಗಳ ನಡುವೆ ಕುಳಿತು ಜೀವಶಾಸ್ತ್ರ ಓದುವ ಹುಡುಗನ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಚೆನ್ನಾಗಿ ಓಡುತ್ತದೆ, ಅದರಿಂದ ಅಂಕ ಬಂದದ್ದನ್ನು ನಾನು ಕಂಡಿಲ್ಲ. ಚೌಕಿಯಲ್ಲಿ ನೋಡಲು ಬೇಕಾದಷ್ಟಿದೆ. ಹಿರಿಯ ಕಲಾವಿದರು ಹುಬ್ಬಿನ ಗೆರೆ ಹೇಗೆ ಎಳೆಯುತ್ತಾರೆ, ಎದುರು ವೇಷದವರೊಂದಿಗೆ ಸಂಭಾಷಣೆಯ ಹಾದಿಯನ್ನು ಹೇಗೆ ಮಾತಾಡಿಕೊಳ್ಳುತ್ತಾರೆ, ಅದನ್ನು ನೋಡಿ.

ಯಾವ ವೇಷಕ್ಕೆ ಹೂಂ ಎನ್ನಬೇಕು

ಇದು ನಾನು ತಡವಾಗಿ ಕಲಿತ ಉಪಾಯ, ಈಗ ಎಲ್ಲರಿಗೂ ಹೇಳುತ್ತೇನೆ. ದ್ವಿತೀಯ ಪಿಯುಸಿಯಲ್ಲಿ ವೇಷ ಆರಿಸುವಾಗ ಅದು ದೊಡ್ಡದೋ ಚಿಕ್ಕದೋ ಎಂದು ನೋಡುವುದಕ್ಕಿಂತ ಎಷ್ಟು ಗಂಟೆಗೆ ಬರುತ್ತದೆ ಎಂದು ನೋಡಿ. ದೇವಿಮಹಾತ್ಮೆಯನ್ನೇ ತೆಗೆದುಕೊಳ್ಳಿ. ಮಧು ಕೈಟಭರು ಮೊದಲು ಬರುತ್ತಾರೆ, ಮೊದಲೇ ಸಾಯುತ್ತಾರೆ, ಮನೆಗೂ ಮೊದಲೇ ಹೋಗಬಹುದು. ಮಹಿಷಾಸುರನದು ನಡುವಿನ ಹೊತ್ತು. ರಕ್ತಬೀಜನಾದರೆ ಕೊನೆಯವರೆಗೆ ಕಾಯಬೇಕು. ಕಥೆಗೆ ಮೊದಲಿನ ಪೂರ್ವರಂಗದ ಬಾಲಗೋಪಾಲ ವೇಷ ಚಿಕ್ಕ ಮಕ್ಕಳಿಗೆ ಎಂದು ಮೂಗು ಮುರಿಯುವ ಹುಡುಗರಿದ್ದಾರೆ. ತಾಳ, ಹೆಜ್ಜೆ, ಒಡಲ ಹದ ಎಲ್ಲವೂ ಅಲ್ಲಿ ಬೇಕು, ಅರ್ಥ ಹೇಳುವ, ಅಂದರೆ ಪದ್ಯದ ಮೇಲೆ ಮಾತು ಕಟ್ಟಿ ಆಡುವ ಹೊರೆ ಇಲ್ಲ, ಒಂಬತ್ತೂವರೆಗೆ ಊಟ. ಅದಕ್ಕಿಂತ ಏನು ಬೇಕು?

ಹಾಡು, ವಾದ್ಯಗಳ ಹಿಮ್ಮೇಳದವರಿಗೆ ಸ್ವಲ್ಪ ಅನುಕೂಲ ಹೆಚ್ಚು. ಚೆಂಡೆ, ಮದ್ದಳೆಯವರಿಗೆ ಮುಖಕ್ಕೆ ಬಣ್ಣವಿಲ್ಲ, ಕಟ್ಟುವ ಬಿಚ್ಚುವ ಕೆಲಸವಿಲ್ಲ. ಆದರೆ ಅವರಿಗೆ ಪೂರ್ತಿ ರಾತ್ರಿ ಬಾರಿಸುವ ಆಸೆ ಇರುತ್ತದೆ. ಪೂರ್ವಾರ್ಧ ಬಾರಿಸಿ ಇನ್ನೊಬ್ಬರಿಗೆ ಕೋಲು ಕೊಟ್ಟು ಏಳಬೇಕು. ಇನ್ನು ಮಾತಿನಲ್ಲಿ ಬಲವಿರುವವರಿಗೆ ವೇಷ, ಕುಣಿತಗಳಿಲ್ಲದ ತಾಳಮದ್ದಳೆ ಇದ್ದೇ ಇದೆ. ಮಳೆಗಾಲದ ಸಂಜೆ, ಚಾವಡಿಯೊಳಗೆ, ಮುಂಡು ಶಾಲು ಹಾಕಿಕೊಂಡು ಕುಳಿತು ಎರಡೂವರೆ ಗಂಟೆ ಅರ್ಥ ಹೇಳಿ ಎದ್ದು ಬರಬಹುದು. ದ್ವಿತೀಯ ಪಿಯುಸಿಯವರಿಗೆಂದೇ ಹಿರಿಯರು ಮಾಡಿಟ್ಟಂತಿದೆ.

ಬೇಡ ಎನ್ನುವುದನ್ನೂ ಕಲಿಯಬೇಕು. ನಮ್ಮ ಮಕ್ಕಳು ಗುರುಗಳ ಎದುರು, ಭಾಗವತರ ಎದುರು ಬೇಡ ಎನ್ನಲು ಬಾಯಿ ಬಾರದೆ ಹೂಂ ಎಂದು, ಆಟಕ್ಕೆ ಎರಡು ದಿನ ಇರುವಾಗ ಅಮ್ಮನಿಂದ ಫೋನು ಮಾಡಿಸುತ್ತಾರೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಕೊನೆಯ ಗಳಿಗೆಯಲ್ಲಿ ವೇಷ ತುಂಬಿಸಲು ಸಂಘಟಕರು ಇನ್ನೊಬ್ಬ ಮಗುವಿನ ಮನೆಗೆ ಓಡುತ್ತಾರೆ, ನನ್ನ ಮನೆಗೆ ಬಂದ ಹಾಗೆ. ಜೂನ್ ತಿಂಗಳಲ್ಲೇ ಒಂದು ಹಾಳೆಯಲ್ಲಿ ಪರೀಕ್ಷೆಯ ವಾರಗಳನ್ನು ಬರೆದು ಗುರುಗಳ ಕೈಗೆ ಕೊಡಿ. "ಗುರುಗಳೇ, ಈ ವರ್ಷ ಡಿಸೆಂಬರ್ ಹದಿನೈದರ ನಂತರ ನನ್ನನ್ನು ವೇಷಕ್ಕೆ ಹಿಡಿಯಬೇಡಿ. ತರಗತಿಗೆ ತಪ್ಪದೆ ಬರುತ್ತೇನೆ" ಎಂದರೆ ಸಾಕು. ನನಗೆ ತಿಳಿದ ಯಾವ ಗುರುಗಳೂ ಇದಕ್ಕೆ ಬೇಸರಿಸಿಲ್ಲ. ತರಗತಿಗೆ ಬರುತ್ತೇನೆ ಎಂಬ ಎರಡನೆಯ ವಾಕ್ಯ ಇಲ್ಲದಿದ್ದರೆ ಬೇಸರಿಸಿದ್ದಾರೆ.

ಕಾಲೇಜಿನಲ್ಲೂ ಅಷ್ಟೇ. ನಾವು ಉಪನ್ಯಾಸಕರು ನೀವು ತಿಳಿದಷ್ಟು ಕಲ್ಲೆದೆಯವರಲ್ಲ, ಆದರೆ ನಮಗೆ ಕೊನೆಯಲ್ಲಿ ತಿಳಿಯುವುದು ಹಿಡಿಸುವುದಿಲ್ಲ. ಹಾಜರಿ ಎಪ್ಪತ್ತೈದು ಶೇಕಡಾ ಬೇಕೇ ಬೇಕು. ಕಾಲೇಜಿನ ಪರವಾಗಿ ಸ್ಪರ್ಧೆಗೆ ಹೋದರೆ ಹಾಜರಿಗೆ ದಾರಿ ಇರುತ್ತದೆ, ಊರಿನ ಆಟಕ್ಕೆ ಹೋಗಿ ಬೆಳಗ್ಗೆ ಏಳಲಾರದೆ ಉಳಿದರೆ ಇರುವುದಿಲ್ಲ. ಮುಂಚಿತವಾಗಿ ಪತ್ರ ಕೊಡಿ, ತಪ್ಪಿದ ಪಾಠ ಯಾವುದೆಂದು ಕೇಳಿ ಬರೆದುಕೊಳ್ಳಿ.

ಓದಿನ ವಿಷಯ

ಪಿಸಿಎಂಬಿಯ ಹೊರೆ ಎಷ್ಟೆಂದು ತಿಳಿಯದವರಿಗೆ: ದ್ವಿತೀಯದಲ್ಲಿ ಭೌತಶಾಸ್ತ್ರ ಒಂದರಲ್ಲೇ ಹದಿನಾಲ್ಕು ಅಧ್ಯಾಯ. ವಿದ್ಯುದಾವೇಶದಿಂದ ಆರಂಭಿಸಿ ಅರೆವಾಹಕಗಳವರೆಗೆ. ಬರವಣಿಗೆಯ ಪರೀಕ್ಷೆ 70 ಅಂಕಕ್ಕೆ, ಪ್ರಾಯೋಗಿಕ 30ಕ್ಕೆ. ಇದರ ಜೊತೆ ರಸಾಯನ, ಗಣಿತ, ಜೀವಶಾಸ್ತ್ರ, ಎರಡು ಭಾಷೆಗಳು. ಇದನ್ನು ಇಡಿಯಾಗಿ ಉರುಹೊಡೆಯಲು ಹೊರಟವರು ಕುಣಿಯದಿದ್ದರೂ ಸೋಲುತ್ತಾರೆ.

ಯಕ್ಷಗಾನ ಕಲಿತವರಿಗೆ ಇಲ್ಲೊಂದು ಆಸ್ತಿ ಇದೆ, ಅದನ್ನು ಅವರು ಬಳಸುವುದೇ ಇಲ್ಲ. ಅರ್ಥ ಹೇಳುವುದನ್ನು ನೀವು ಹೇಗೆ ಕಲಿತಿರಿ? ಪದ್ಯ ಮಾತ್ರ ಬಾಯಿಪಾಠ. ಅದರಲ್ಲಿ ಏನಿದೆ, ಯಾರು ಯಾರಿಗೆ ಏಕೆ ಹೇಳುತ್ತಿದ್ದಾರೆ ಎಂದು ತಿಳಿದುಕೊಂಡು ಮಾತನ್ನು ಅಲ್ಲಿಯೇ ಹುಟ್ಟಿಸಿದಿರಿ. ವ್ಹೀಟ್‌ಸ್ಟನ್ ಸೇತುವೆಯ ನಿಷ್ಪತ್ತಿಯನ್ನೂ ಹಾಗೆಯೇ ಮಾಡಿ. ಸೇತುವೆಯ ಚಿತ್ರ, ಕಿರ್ಕಾಫ್‌ನ ಎರಡು ನಿಯಮ, ಕೊನೆಯ ಸೂತ್ರ, ಇಷ್ಟೇ ಪದ್ಯ. ನಡುವಿನದು ಅರ್ಥ. ಪುಸ್ತಕ ಮುಚ್ಚಿ, ಗೋಡೆಯ ಎದುರು ನಿಂತು, ಜೋರಾಗಿ ಹೇಳಿ. ಎಲ್ಲಿ ತಡವರಿಸುತ್ತೀರೋ ಅಲ್ಲಿ ತಿಳಿದಿಲ್ಲ ಎಂದು ಲೆಕ್ಕ, ಅಷ್ಟನ್ನೇ ಪುಸ್ತಕ ತೆರೆದು ನೋಡಿ. ಇಪ್ಪತ್ತು ನಿಮಿಷದ ಈ ಕೆಲಸ, ಗುರುತುಪೆನ್ನು ಹಿಡಿದು ಎರಡು ಗಂಟೆ ಓದುವುದಕ್ಕಿಂತ ಮೇಲು. ಮನೆಯವರಿಗೆ ಹುಚ್ಚೆಂದು ಕಂಡೀತು. ಅರ್ಥ ಅಭ್ಯಾಸ ಮಾಡುವಾಗಲೂ ಅವರಿಗೆ ಹಾಗೆಯೇ ಕಂಡಿತ್ತು.

ಗಣಿತಕ್ಕೆ ಮಾತ್ರ ಇದು ಸಾಲದು. ಹೆಜ್ಜೆಯನ್ನು ಬಾಯಲ್ಲಿ ಹೇಳಿ ಕಲಿಯಲಾಗುವುದಿಲ್ಲವಲ್ಲ, ಕಾಲು ಎತ್ತಲೇ ಬೇಕು. ಅನುಕಲನದ ಲೆಕ್ಕಗಳೂ ಹಾಗೆ. ದಿನಕ್ಕೆ ಹತ್ತು ಲೆಕ್ಕ, ಆಟದ ಮರುದಿನವೂ ಐದು. ಇದಕ್ಕೆ ರಿಯಾಯಿತಿ ಇಲ್ಲ.

ಪ್ರಯೋಗಗಳ ರೆಕಾರ್ಡ್ ಪುಸ್ತಕವನ್ನು ಪ್ರಯೋಗ ಮಾಡಿದ ದಿನವೇ ಬರೆದು ಮುಗಿಸಿ. ಡಿಸೆಂಬರಿನಲ್ಲಿ ಕುಳಿತು ಹತ್ತು ಪ್ರಯೋಗಗಳನ್ನು ಒಟ್ಟಿಗೆ ಗೀಚುವ ಮಕ್ಕಳು ಓದಿನ ಸಮಯ ಇಲ್ಲವೆಂದು ಅಳುತ್ತಾರೆ, ಯಕ್ಷಗಾನದ ಮೇಲೆ ಗೂಬೆ ಕೂರಿಸುತ್ತಾರೆ. ಎಷ್ಟೋ ಸಲ ತಪ್ಪು ರೆಕಾರ್ಡಿನದು.

ಇನ್ನು ಯಾವ ಪರೀಕ್ಷೆ ಎಂಬ ಪ್ರಶ್ನೆ. ಸಿಇಟಿ, ನೀಟ್, ಜೆಇಇ, ಮೂರಕ್ಕೂ ಅರ್ಜಿ ಹಾಕಿ, ಮೂರಕ್ಕೂ ಓದಿ, ಜೊತೆಗೆ ಗೆಜ್ಜೆಯನ್ನೂ ಕಟ್ಟುತ್ತೇನೆ ಎಂದರೆ ನಾನು ಒಪ್ಪುವುದಿಲ್ಲ. ಆಗಸ್ಟ್ ಮುಗಿಯುವುದರೊಳಗೆ ಒಂದನ್ನು ಮುಖ್ಯವೆಂದು ಗೊತ್ತು ಮಾಡಿಕೊಳ್ಳಿ. ಎಂಜಿನಿಯರಿಂಗ್‌ಗೆ ಸಿಇಟಿ ಹಾದಿ ಹಿಡಿಯುವವರಿಗೆ ರ್‍ಯಾಂಕಿನ ಅರ್ಧ ಭಾಗ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕಗಳಿಂದಲೇ ಬರುತ್ತದೆ. ಅವರು ಮಾರ್ಚ್ ಪರೀಕ್ಷೆಯನ್ನು ಹಗುರಾಗಿ ನೋಡುವಂತಿಲ್ಲ. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿದರೆ ಅಂಕ ಕಳೆಯುವುದಿಲ್ಲ. ನೀಟ್‌ನಲ್ಲಿ ಒಂದು ಸರಿಗೆ ನಾಲ್ಕು, ಒಂದು ತಪ್ಪಿಗೆ ಒಂದು ಕಡಿತ, ಅರ್ಧ ಪ್ರಶ್ನೆಪತ್ರಿಕೆ ಜೀವಶಾಸ್ತ್ರ. ಎರಡಕ್ಕೂ ಬೇಕಾದ ಓದಿನ ಹದ ಬೇರೆ. ತಂದೆಯವರು ಒಂದು ಹೇಳಿ, ಟ್ಯೂಷನ್‌ನವರು ಇನ್ನೊಂದು ಹೇಳಿ, ಮಗು ಮೂರಕ್ಕೂ ತಲೆಯಾಡಿಸಿದ ಮನೆಗಳಲ್ಲಿ ಕೊನೆಗೆ ಬಲಿಯಾಗುವುದು ಗೆಜ್ಜೆ. ಅದೊಂದಕ್ಕೇ ಪರ ಮಾತಾಡುವ ಹಿರಿಯರು ಅಲ್ಲಿ ಇರುವುದಿಲ್ಲ.

ತಂದೆ ತಾಯಿಗೆ

ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗಿ, ಚೆನ್ನಾಗಿ ಧೀಂಗಿಣ (ಸುತ್ತುತ್ತಾ ಹಾರುವ ಕುಣಿತ) ಹಾಕುವವಳು, ದ್ವಿತೀಯಕ್ಕೆ ಬಂದ ಕೂಡಲೇ ತಂದೆ ಎಲ್ಲವನ್ನೂ ನಿಲ್ಲಿಸಿದರು. ತರಗತಿಯೂ ಇಲ್ಲ, ಗೆಜ್ಜೆ ಅಟ್ಟದ ಮೇಲೆ. ಅರ್ಧವಾರ್ಷಿಕದಲ್ಲಿ ಅಂಕ ಇಳಿಯಿತು. ತಂದೆಗೆ ಆಶ್ಚರ್ಯ, ನನಗೆ ಆಗಲಿಲ್ಲ. ಉಳಿದ ಐದು ಗಂಟೆ ಪುಸ್ತಕಕ್ಕೆ ಹೋಗಿರಲಿಲ್ಲ, ಮೊಬೈಲಿಗೆ ಹೋಗಿತ್ತು. ನಾನು ಅವರನ್ನು ಕರೆಸಿ, ಶನಿವಾರ ಎರಡು ಗಂಟೆ ಕಳಿಸಿ, ಉಳಿದದ್ದು ಆಮೇಲೆ ನೋಡೋಣ ಎಂದೆ. "ಮೇಡಂ, ನೀವು ಹೇಳಿದ್ದಕ್ಕೆ ಕಳಿಸುತ್ತೇನೆ" ಎಂದರು, ಮುಖ ಗಂಟು ಹಾಕಿಕೊಂಡೇ. ಆಕೆ ಪರೀಕ್ಷೆಗಳು ಮುಗಿಯುವವರೆಗೆ ಒಂದು ಆಟವನ್ನೂ ಮಾಡಲಿಲ್ಲ, ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ವಾರ್ಷಿಕ ಪರೀಕ್ಷೆಯಲ್ಲಿ ಇಳಿದದ್ದು ಮೇಲೆ ಬಂತು. ಬರೀ ಶನಿವಾರದಿಂದ ಬಂತೆಂದು ನಾನು ಹೇಳಲಾರೆ, ಆಕೆ ಮೊಬೈಲನ್ನೂ ಅಮ್ಮನಿಗೆ ಕೊಟ್ಟಿದ್ದಳು.

ನನ್ನ ಲೆಕ್ಕವನ್ನೇ ಸುಳ್ಳು ಮಾಡಿದವನೂ ಒಬ್ಬನಿದ್ದ. ಚೆಂಡೆಯವನು. ಫೆಬ್ರವರಿಯಲ್ಲಿ, ಪ್ರಾಯೋಗಿಕ ಪರೀಕ್ಷೆಯ ಹಿಂದಿನ ವಾರ, ಮೂರು ರಾತ್ರಿ ಬಾರಿಸಿ ಬಂದು, ನನ್ನ ಎದುರೇ ಒಂದು ತಪ್ಪಿಲ್ಲದೆ ವಿಭವಮಾಪಕದ ಪ್ರಯೋಗ ಮಾಡಿ, ನಗುತ್ತಾ ಹೋದ. ಅಂಥವರು ಇರುತ್ತಾರೆ. ನಿಮ್ಮ ಮಗ ಅವನೇ ಎಂದು ನಿಮಗೆ ಅನ್ನಿಸಿದರೆ ಸ್ವಲ್ಪ ತಡೆದು ಯೋಚಿಸಿ.

ಮಗು ಬೆಳಗ್ಗೆ ಎರಡು ಸಲ ಕರೆದರೂ ಏಳದಿದ್ದರೆ, ತಲೆನೋವೆಂದು ವಾರದಲ್ಲಿ ಎರಡು ಸಲ ಹೇಳಿದರೆ, ಅಭ್ಯಾಸಕ್ಕೆ ಹೋಗಲೂ ಬೇಡವೆಂದರೆ, ಲೆಕ್ಕ ಎಲ್ಲೋ ತಪ್ಪಿದೆ. ಮೊದಲು ನಿದ್ದೆಯ 49 ಗಂಟೆ ಸರಿಯಾಗಿ ಸಿಗುತ್ತಿದೆಯೇ ನೋಡಿ. ಆಮೇಲೆ ಟ್ಯೂಷನ್ ಕಡಿಮೆ ಮಾಡಬಹುದೇ ನೋಡಿ. ಹೌದು, ಟ್ಯೂಷನ್. ಕಾಲೇಜಿನಲ್ಲಿ ಬೆಳಗ್ಗೆ ಕೇಳಿದ ಪಾಠವನ್ನೇ ಸಂಜೆ ಇನ್ನೊಬ್ಬರಿಂದ ಕೇಳಲು ಎಂಟು ಗಂಟೆ ಏಕೆ ಬೇಕೆಂದು ನನಗೆ ಇಂದಿಗೂ ತಿಳಿದಿಲ್ಲ.

ಭರತನಾಟ್ಯ, ಸಂಗೀತ, ಕಬಡ್ಡಿಯ ಮಕ್ಕಳೂ ಇದೇ ಕ್ಯಾಲೆಂಡರ್ ಹಾಕಿಕೊಳ್ಳಬಹುದು, ಕೆಂಪು ಗುರುತುಗಳು ಬೇರೆ ಕಡೆ ಬೀಳುತ್ತವೆ ಅಷ್ಟೇ. ಎನ್‌ಸಿಸಿ ಮತ್ತು ಕ್ರೀಡೆಗೆ ಸಿಇಟಿ ಸೀಟು ಹಂಚಿಕೆಯಲ್ಲಿ ವಿಶೇಷ ಕೋಟಾ ಇದೆ, ಪ್ರಮಾಣಪತ್ರಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಯಕ್ಷಗಾನಕ್ಕೆ ಅಂಥದ್ದೇನೂ ಇಲ್ಲ. ನನಗೆ ಅದರಿಂದ ಒಂದು ರೀತಿಯ ಸಮಾಧಾನವೇ. ಸೀಟಿಗಾಗಿ ಗೆಜ್ಜೆ ಕಟ್ಟುವವರಿಗೆ ಹೆಜ್ಜೆ ಹೇಳಿಕೊಡುವ ಕಷ್ಟ ನನಗಿಲ್ಲ.

ಡಿಸೆಂಬರಿನಿಂದ ಮೇವರೆಗೆ

ಈ ನಾಲ್ಕೂವರೆ ತಿಂಗಳು ಕಠಿಣ. ಮನೆಯ ಹಿಂದಿನ ಗದ್ದೆಯಲ್ಲೇ ಮೇಳದ ಆಟ ಇರುತ್ತದೆ, ಆಟಕ್ಕೆ ಮೊದಲು 'ಕೇಳಿ' ಬಾರಿಸುವ ಚೆಂಡೆಯ ಸದ್ದು ಕೋಣೆಗೆ ಬರುತ್ತದೆ. ಕಿವಿ ಮುಚ್ಚಿಕೊಂಡು ಓದು ಎಂದು ನಾನು ಹೇಳುವುದಿಲ್ಲ, ಹೇಳಿದರೂ ಯಾರೂ ಕೇಳುವುದಿಲ್ಲ. ಹೋಗಿ ನೋಡಿ, ಹತ್ತು ಗಂಟೆಗೆ ಎದ್ದು ಬನ್ನಿ. ಊರಿನ ಜಾತ್ರೆಯ ಆಟಕ್ಕೆ ಒಂದು ದಿನ ಹನ್ನೊಂದು ಮಾಡಿದರೂ ಆಕಾಶ ಬೀಳುವುದಿಲ್ಲ. ಭಾನುವಾರ ಒಂದು ಗಂಟೆ ತರಗತಿ, ದಿನವೂ ಹತ್ತು ನಿಮಿಷ ಬಾಯಿತಾಳ. ಮಂಡಿಗೆ ಬಲ ಉಳಿಯಲು ನಾಲ್ಕು ಸುತ್ತು ಹೆಜ್ಜೆ. ಅಷ್ಟನ್ನು ಬಿಡದಿದ್ದರೆ ದೇಹ ಮರೆಯುವುದಿಲ್ಲ. ನಾಲ್ಕು ತಿಂಗಳು ಪೂರ್ತಿ ಬಿಟ್ಟವರು ಮೇ ತಿಂಗಳಲ್ಲಿ ಮೊದಲ ಧೀಂಗಿಣಕ್ಕೇ ಕಾಲು ಉಳುಕಿಸಿಕೊಂಡು ಕುಳಿತದ್ದನ್ನು ನೋಡಿದ್ದೇನೆ.

ಕ್ಯಾಲೆಂಡರಿನಲ್ಲಿ ಕೊನೆಗೊಂದು ಸಣ್ಣ ಉಡುಗೊರೆ ಇದೆ, ಹೆಚ್ಚಿನವರು ಗಮನಿಸುವುದಿಲ್ಲ. ನೀಟ್ ಮೇ ಮೊದಲ ವಾರದಲ್ಲಿ ಮುಗಿದರೆ ಪತ್ತನಾಜೆಗೆ ಇನ್ನೂ ಎರಡೂವರೆ, ಮೂರು ವಾರ ಉಳಿದಿರುತ್ತದೆ. ನಮ್ಮ ತಂಡದ ಕೊನೆಯ ಆಟವನ್ನು ಈಗ ನಾವು ಬೇಕೆಂದೇ ಆ ದಿನಗಳಿಗೆ ಇಟ್ಟುಕೊಂಡಿದ್ದೇವೆ, ವೇಷಗಳ ಪಟ್ಟಿಯನ್ನು ಜೂನ್‌ನಲ್ಲೇ ಬರೆದು ಕ್ಯಾಲೆಂಡರಿನ ಹಿಂದೆ ಅಂಟಿಸಿಬಿಡುತ್ತೇವೆ. ಆ ಹುಡುಗಿ, ಗೆಜ್ಜೆ ಅಟ್ಟಕ್ಕೆ ಹೋಗಿದ್ದವಳು, ಆ ವರ್ಷ ಬಭ್ರುವಾಹನ ಮಾಡಿದಳು. ಚೌಕಿಯಲ್ಲಿ ಆಕೆಯ ಕಿವಿಯ ಹಿಂದಿನ ಬಣ್ಣವನ್ನು ನಾನೇ ಒರೆಸಿದೆ, ಮರುದಿನ ಯಾವ ಪರೀಕ್ಷೆಯೂ ಇರದಿದ್ದರೂ. ಆಕೆಯ ತಂದೆ ಹೊರಗೆ ಸ್ಕೂಟರಿನ ಮೇಲೆ ಕುಳಿತು, ಗೆಜ್ಜೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದರು.